ಎಂಟು ಹತ್ತರ ಗಾಡಿ

ನನ್ನ ತಮ್ಮ ಬಸ್ ನಿಲ್ದಾಣದಲ್ಲಿ ಟೈಂ ಕೀಪರ್. ಹೊರಹೋಗುವ ಗೇಟಿನ ಪಕ್ಕದಲ್ಲಿ ಒಬ್ಬ ಮನುಷ್ಯ, ಒಂದು ಸ್ಟೂಲು, ಒಂದು ಫ್ಯಾನು ಹಿಡಿಸುವಷ್ಟೇ ದೊಡ್ಡ ತಗಡಿನ ಗೂಡಿದೆ. ಹದಿನಾಲ್ಕು ವರ್ಷದಿಂದ ಅವನು ಅದರೊಳಗಿದ್ದಾನೆ. ಬಸ್ಸು ಗೇಟು ದಾಟುವಾಗ ನಂಬರು, ಹೊತ್ತು, ಡ್ರೈವರನ ಮುಖ ಮೂರನ್ನೂ ನೋಡಿ, ಪುಸ್ತಕದಲ್ಲಿ ಬರೆದು, ಒಂದು ಸೀಟಿ ಊದುತ್ತಾನೆ. ಬರುವ ಬಸ್ಸುಗಳ ಗೊಡವೆ ಅವನಿಗಿಲ್ಲ, ಅದಕ್ಕೆ ಆಚೆ ಗೇಟಿನಲ್ಲಿ ಬೇರೆಯವನಿದ್ದಾನೆ. ಇವನದೇನಿದ್ದರೂ ಹೊರಡುವುದಷ್ಟೇ. ನಿಲ್ದಾಣದಲ್ಲಿ ಎಲ್ಲರೂ ಅವನನ್ನು ‘ಸೀಟಿ’ ಎಂದೇ ಕರೆಯುತ್ತಾರೆ. ಅವನ ನಿಜವಾದ ಹೆಸರು ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ.

ಅವನಿಗೊಂದು ಹಟವಿದೆ. ತಾನು ಕಣ್ಣಾರೆ ನೋಡದೆ ಹೋದ ಬಸ್ಸು ಹೋಗಿಯೇ ಇಲ್ಲ! ಒಮ್ಮೆ ಅವನು ಕಣ್ಣಿಗೆ ಬಿದ್ದ ಕಸ ತೆಗೆದುಕೊಳ್ಳುತ್ತಿದ್ದಾಗ ಒಂದು ಬಸ್ಸು ಗೇಟು ದಾಟಿಬಿಟ್ಟಿತು. ಆ ಬಸ್ಸು ಎಲ್ಲಿ ಎಂದು ಮ್ಯಾನೇಜರು ಫೋನಿನಲ್ಲಿ ಕೇಳಿದರೆ, "ಇನ್ನೂ ಹೊರಟಿಲ್ಲ ಸಾರ್" ಎಂದ. ಅದು ಆಗಲೇ ಮೂರು ಮೈಲಿ ಹೋಗಿತ್ತು. ಕೊನೆಗೆ ಐವತ್ತೆರಡು ಜನರ ಸಮೇತ ಅದು ವಾಪಸು ಬಂದು, ನಿಲ್ದಾಣದೊಳಗೆ ಒಂದು ಸುತ್ತು ಹಾಕಿ, ಇವನ ಕಣ್ಣೆದುರಿಗೆ ಹೊಸದಾಗಿ ಹೊರಟಿತು. ಪ್ರಯಾಣಿಕರು ಕಿಟಕಿಯಿಂದ ಕೈ ಹೊರಹಾಕಿ ಬಾಯಿಗೆ ಬಂದಂತೆ ಬೈದರು. ತಮ್ಮ ಸೀಟಿ ಊದಿದ. ಇಂಥವನ ಅಕ್ಕನಾಗಿ ಹುಟ್ಟಿ ಬೆಳೆದು ಈಗಲೂ ಒಂದೇ ಸೂರಿನಡಿ ಇದ್ದೇನೆ ಎಂದರೆ ನನ್ನ ತಾಳ್ಮೆ ಎಷ್ಟಿರಬೇಕು ನೀವೇ ಯೋಚಿಸಿ.

ನಮ್ಮ ಮನೆಯ ಬಾಗಿಲು ನೇರ ಬೀದಿಗೆ ತೆರೆಯುತ್ತದೆ. ಮುಂದಿನ ಕೋಣೆ ನನ್ನದು. ಅಲ್ಲಿ ನನ್ನ ಹೊಲಿಗೆ ಮಿಷನ್ನು, ಕತ್ತರಿಸುವ ಮೇಜು, ಅಳತೆ ಕೊಟ್ಟು ಹೋದವರ ಬಟ್ಟೆಯ ಗಂಟುಗಳು. ನಡುಮನೆ ಅಪ್ಪನದು. ಅಪ್ಪ ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವರು. ಅಷ್ಟೂ ವರ್ಷ ಬೇರೆಯವರ ಕಾಗದ ಮುಟ್ಟಿ ಒಂದನ್ನೂ ಓದದೆ ಇದ್ದ ಸಂಕಟವನ್ನು ಈಗ ತೀರಿಸಿಕೊಳ್ಳುತ್ತಿದ್ದಾರೆ. ಕಂಡದ್ದು ಕೇಳಿದ್ದು ಏನೇ ಇರಲಿ, ಅರ್ಧ ಗಂಟೆಯಲ್ಲಿ ಬೀದಿಯ ತುದಿಯವರೆಗೂ ಬಟವಾಡೆ. ತಮ್ಮನ ಹೆಂಡತಿ ಬಾಟಲಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಬೆಲ್ಟಿನ ಮೇಲೆ ಸಾಲಾಗಿ ಬರುವ ಬಾಟಲಿಗಳನ್ನು ಬೆಳಕಿಗೆ ನೋಡಿ ಬಿರುಕು, ಗುಳ್ಳೆ ಇದ್ದದ್ದನ್ನು ಎತ್ತಿ ಪಕ್ಕಕ್ಕಿಡುವುದು ಅವಳ ಕೆಲಸ. ನಿಮಿಷಕ್ಕೆ ನಲವತ್ತು ಬಾಟಲಿ. ಕಣ್ಣು ಮಿಟುಕಿಸಬೇಕಾದರೂ ಎರಡು ಬಾಟಲಿಯ ನಡುವೆ ಮಿಟುಕಿಸಬೇಕು.

ಇವರಿಬ್ಬರಿಗೆ ಹುಟ್ಟಿದ ಮಗು ಹನ್ನೊಂದು ದಿನ ಮುಂಚೆಯೇ ಬಂತು. ವೇಳಾಪಟ್ಟಿಯಲ್ಲಿ ಇಲ್ಲದೆ ಬಂದ ಗಾಡಿಗೆ ನಿಲ್ದಾಣದಲ್ಲಿ ಏನನ್ನುತ್ತಾರೋ ತಮ್ಮ ಅದನ್ನೇ ಅಂದ, ಸ್ಪೆಷಲ್ ಅಂತ. ಹೆಸರು ಅಂಟಿಕೊಂಡಿತು.

ನಾಲ್ಕು ತಿಂಗಳಾದ ಮೇಲೆ ತಮ್ಮನ ಹೆಂಡತಿ ಕೆಲಸಕ್ಕೆ ಹೊರಟಳು. ಬೆಳಿಗ್ಗೆ ಎಂಟು ಹತ್ತಕ್ಕೆ ಕಾರ್ಖಾನೆಯ ವ್ಯಾನು ಬಾಗಿಲ ಮುಂದೆ ಬಂದು ಹಾರ್ನು ಹಾಕುತ್ತದೆ. ಅರ್ಧ ನಿಮಿಷ ತಡವಾದರೂ ನಿಲ್ಲುವುದಿಲ್ಲ. ಸಂಜೆ ಆರಕ್ಕೆ ಅವಳು ವಾಪಸು. ನಡುವಿನ ಹತ್ತು ಗಂಟೆ ಮಗು ನಮ್ಮ ಪಾಲಿಗೆ ಬಂತು. ನಮ್ಮ ದಿನಚರಿ ಎಕ್ಕುಟ್ಟಿ ಹೋಯಿತು. ಸ್ಪೆಷಲ್‌ಗೆ ಮಿಷನ್ನಿನ ಸದ್ದು ಕೇಳುತ್ತಿದ್ದರೆ ಮಾತ್ರ ನಿದ್ದೆ. ನಾನು ಪೆಡಲಿನಿಂದ ಕಾಲು ತೆಗೆದರೆ ಸಾಕು, ಕಣ್ಣು ಬಿಡುತ್ತಿತ್ತು. ಹೊಲಿಯುವ ಬಟ್ಟೆ ಮುಗಿದ ದಿನ ಹಳೆಯ ಚಿಂದಿಗಳನ್ನೇ ಒಂದರ ಬೆನ್ನಿಗೆ ಒಂದರಂತೆ ಹೊಲಿಯುತ್ತಾ ಹೋದೆ. ತಿಂಗಳ ಕೊನೆಗೆ ನಮ್ಮ ಮನೆಯಲ್ಲಿ ಯಾತಕ್ಕೂ ಬಾರದ ಅರವತ್ತು ಮೊಳದ ಪಟ್ಟಿಯೊಂದು ತಯಾರಾಗಿತ್ತು. ಅಪ್ಪ ದಿನಪತ್ರಿಕೆಯನ್ನು ಜೋರಾಗಿ ಓದುವ ಚಟ ಬಿಟ್ಟು ತುಟಿ ಮಾತ್ರ ಆಡಿಸಲು ಕಲಿತರು. ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಸಿ ಬಂದ ತಮ್ಮ ಬೀದಿಯಲ್ಲೇ ಚಪ್ಪಲಿ ಬಿಟ್ಟು ಕಳ್ಳನ ಹಾಗೆ ಒಳಗೆ ಬರುತ್ತಿದ್ದ.

ಅವಳು ಕೆಲಸಕ್ಕೆ ಹೋದ ಒಂಬತ್ತನೇ ದಿನ ಮಗು ಮೊದಲ ಸಲ ಬೋರಲು ಬಿತ್ತು. ಸಂಜೆ ಅವಳು ಇನ್ನೂ ಒಂದು ಚಪ್ಪಲಿ ಕಳಚುತ್ತಿದ್ದಾಗಲೇ ಅಪ್ಪ ಬಟವಾಡೆ ಮಾಡಿಬಿಟ್ಟರು. "ಬೋರಲು ಬಿದ್ಲು ಕಣಮ್ಮಾ! ಹನ್ನೊಂದೂವರೆಗೆ! ನಾನೇ ನೋಡ್ದೆ!"

"ಹೌದಾ ಮಾವ? ಒಳ್ಳೇದಾಯ್ತು" ಎಂದವಳೇ ಬಚ್ಚಲಿಗೆ ಹೋಗಿ ಎರಡೂ ನಲ್ಲಿ ಬಿಟ್ಟಳು. ನೀರು ಸುರಿಯುತ್ತಲೇ ಇತ್ತು. ಅರ್ಧ ಗಂಟೆಯಾದ ಮೇಲೆ ಕೆಂಪಗಿನ ಕಣ್ಣಿನಲ್ಲಿ ಹೊರಗೆ ಬಂದು, "ಸೋಪು ಹೋಯ್ತು ಕಣ್ಣಿಗೆ" ಎಂದಳು. ದಿನಕ್ಕೆ ಸಾವಿರಾರು ಬಾಟಲಿ ನೋಡುವ ಕಣ್ಣಿಗೆ ಸ್ವಂತ ಮಗಳು ಬೋರಲು ಬಿದ್ದದ್ದು ಕಾಣಲಿಲ್ಲವಲ್ಲ ಎಂದುಕೊಂಡು ಅವಳ ಕೈಗೆ ಟವೆಲು ಕೊಟ್ಟೆ.

ತಮ್ಮ ಅಪ್ಪನನ್ನು ವಿಚಾರಣೆಗೆ ತೆಗೆದುಕೊಂಡ. "ಯಾರು ನೋಡಿದ್ದು?"

"ನಾನು ಕಣೋ."

"ನಿಮಗೆ ನೋಡೋ ಅಧಿಕಾರ ಇಲ್ಲ ಅಪ್ಪಾ. ಇವಳಿಗೆ ಟೈಂ ಕೀಪರ್ ಇವಳಮ್ಮ. ಅವಳು ನೋಡೋ ತನಕ ಗಾಡಿ ಶೆಡ್ಡಲ್ಲೇ ಇದೆ" ಎಂದು ಮಗುವನ್ನು ಎತ್ತಿ ಚಾಪೆಯ ಮೇಲೆ ಅಂಗಾತ ಮಲಗಿಸಿದ. ನಾವು ನಾಲ್ವರೂ ಸುತ್ತ ಕೂತೆವು. ಮಗು ಹತ್ತು ನಿಮಿಷ ಮುಷ್ಟಿ ಚೀಪಿ, ನಮ್ಮ ಮುಖ ನೋಡಿ ಬೇಸರವಾಗಿ, ಮಗ್ಗುಲಾಗಿ, ದೊಪ್ಪೆಂದು ಬೋರಲು ಬಿತ್ತು. ತಮ್ಮ ಸೀಟಿ ಊದಿದ. ಮಗು ಬೆಚ್ಚಿ ಕಿಟಾರನೆ ಕಿರುಚಿತು. ತಮ್ಮನ ಹೆಂಡತಿ ಒಂಬತ್ತು ದಿನದಲ್ಲಿ ಮೊದಲ ಸಲ ನಕ್ಕಳು. ತಮ್ಮ ಹಳೆಯ ಟ್ರಿಪ್ ಪುಸ್ತಕವೊಂದರಲ್ಲಿ ಬರೆದ. ‘ಬೋರಲು. ಹೊರಟ ಹೊತ್ತು 6.40. ನೋಡಿದವರು: ಅಮ್ಮ.’ ಇವನಿಗೆ ಹುಚ್ಚು ಎಂದು ಹೇಳಲು ಬಾಯಿ ತೆರೆದವಳು, ಅವಳ ನಗು ನೋಡಿ ಸುಮ್ಮನಾದೆ.

ಅಲ್ಲಿಂದ ಮುಂದೆ ಅದೇ ಮನೆಯ ಕಾನೂನಾಯಿತು. ಹಗಲಿನಲ್ಲಿ ಆದದ್ದು ಏನೂ ಆಗಿಲ್ಲ. ಅವಳು ಬಂದು "ಇವತ್ತೇನು ವಿಶೇಷ?" ಎಂದರೆ, "ಏನಿಲ್ಲ, ಗಾಡಿ ಶೆಡ್ಡಲ್ಲಿದೆ" ಎನ್ನಬೇಕು. ಮಗು ಕೂರಲು ಕಲಿತು ನಾಲ್ಕು ದಿನವಾದ ಮೇಲೆ ಅವಳ ಮುಂದೆ ಮೊದಲ ಸಲ ಕೂತಿತು. ನಾವು ಚಪ್ಪಾಳೆ ತಟ್ಟಿದೆವು. ಅಂಬೆಗಾಲು ಎರಡು ದಿನ ತಡವಾಗಿ ಶುರುವಾಯಿತು. ಹಲ್ಲಿನದೇ ದೊಡ್ಡ ತಲೆನೋವು. ಸೋಮವಾರ ಅಪ್ಪನ ಬೆರಳಿಗೆ ಸಿಕ್ಕಿದ ಹಲ್ಲನ್ನು ಬುಧವಾರದವರೆಗೆ ಯಾರೂ ನೋಡಬಾರದು. ಹಾಗಾಗಿ ಮಗುವನ್ನು ನಗಿಸುವುದನ್ನೇ ನಿಲ್ಲಿಸಿದೆವು. ಎರಡು ದಿನ ಮನೆಯಲ್ಲಿ ಸೂತಕದ ಕಳೆ. ಬುಧವಾರ ಸಂಜೆ ಗಂಜಿ ತಿನ್ನಿಸುವಾಗ ಚಮಚಕ್ಕೆ ಟಿಣ್ ಎಂದು ತಾಗಿ, ಅವಳು "ಅಯ್ಯೋ, ಹಲ್ಲು!" ಎಂದು ಕೂಗಿದ ಮೇಲೆ ನಮಗೆ ಉಸಿರು ಬಂತು. ಅಪ್ಪನ ಪಾಡಂತೂ ಹೇಳತೀರದು. ಮಗು ಹಗಲೆಲ್ಲ "ತಾತ, ತಾತ" ಎಂದು ಅವರ ಹಿಂದೆ ತಿರುಗುತ್ತಿದ್ದರೂ ಒಂದು ವಾರ ಅದನ್ನು ಬಾಯಿ ಬಿಟ್ಟು ಯಾರಿಗೂ ಹೇಳುವ ಹಾಗಿರಲಿಲ್ಲ. ಅವರಿಗೆ ಹೊಟ್ಟೆ ಉಬ್ಬರಿಸಿ ಮಾತ್ರೆ ತರಬೇಕಾಯಿತು.

ವರ್ಷ ತುಂಬಿದ ದಿನ ತಮ್ಮನ ಹೆಂಡತಿ ಸ್ಪೆಷಲ್‌ನ ಪಾದವನ್ನು ಅಂಗೈಯಲ್ಲಿಟ್ಟುಕೊಂಡು ನನಗೆ ಹೇಳಿದಳು. "ಅತ್ತಿಗೆ, ಮಿಕ್ಕಿದ್ದೆಲ್ಲ ನಿಮ್ಮ ಕಣ್ಣಿಗೆ ಮೊದಲು ಬಿದ್ದಿದೆ ಅಂತ ನಂಗೊತ್ತು. ನಾನೇನು ದಡ್ಡಿಯಲ್ಲ. ಆದ್ರೆ ಮೊದಲನೇ ಹೆಜ್ಜೆ ಮಾತ್ರ ನಾನು ನಿಜವಾಗ್ಲೂ ನೋಡ್ಬೇಕು. ಅದೊಂದು ನಂಗಿರಲಿ." ನಾನು ಆಯಿತು ಎಂದೆ. ಅದು ನನ್ನ ಕೈಯಲ್ಲಿದೆಯೇನೋ ಎಂಬಂತೆ ಮಾತು ಕೊಟ್ಟುಬಿಟ್ಟೆ.

ಮುಂದಿನ ತಿಂಗಳ ಹನ್ನೆರಡನೇ ತಾರೀಖು ನಾನೊಂದು ಕಾಲರ್ ಕತ್ತರಿಸುತ್ತಿದ್ದೆ. ಸ್ಪೆಷಲ್ ಮೇಜಿನ ಕಾಲು ಬಿಟ್ಟು, ತೋಳು ಎರಡೂ ಮೇಲೆತ್ತಿ, ನಾಲ್ಕು ಹೆಜ್ಜೆ ನಡೆದು ಬಂದು ನನ್ನ ಅಳತೆ ಟೇಪು ಹಿಡಿಯಿತು. ಕಾಲರ್ ಅರ್ಧಕ್ಕೆ ತುಂಡಾಯಿತು. "ಕೂತ್ಕೋ!" ಎಂದು ಗದರಿದೆ. "ಕೂತ್ಕೊಳ್ಳೇ! ನಿಮ್ಮಮ್ಮ ಬರ್ಲಿ!" ಮಗು ನಡೆದದ್ದಕ್ಕೆ ಬೈಸಿಕೊಂಡದ್ದು ಲೋಕದಲ್ಲಿ ಅದೇ ಮೊದಲಿರಬೇಕು. ಅದು ಪಿಳಿಪಿಳಿ ನೋಡಿ ಕೂತಿತು.

ಯಾರಿಗೂ ಹೇಳಲಿಲ್ಲ. ಅಪ್ಪನಿಗೆ ಹೇಳಿದರೆ ಬೀದಿಗೆ ಹೇಳಿದ ಹಾಗೆ. ತಮ್ಮನಿಗೆ ಹೇಳಿದರೆ ಅವನ ಮುಖವೇ ಹೇಳುತ್ತದೆ. ಒಬ್ಬಳೇ ನುಂಗಿಕೊಂಡೆ. ಅಳತೆ ಕೊಡಲು ಬಂದವರ ಮುಂದೆ ಅದು ಎದ್ದು ನಿಲ್ಲಬಾರದೆಂದು ಬಗಲಲ್ಲೇ ಇಟ್ಟುಕೊಂಡು ಬಟ್ಟೆ ಕತ್ತರಿಸಿದೆ. ವಿಚಿತ್ರವೆಂದರೆ, ಸೊಂಟ ನೋವೆಂದು ಬಕೆಟ್ಟೂ ಎತ್ತದ ಅಪ್ಪ ಆ ದಿನಗಳಲ್ಲೇ ಮಗುವನ್ನು ಹೆಗಲ ಮೇಲೆ ಹೊತ್ತು ತಿರುಗಲು ಶುರು ಮಾಡಿದರು. ತಮ್ಮ ಎರಡಕ್ಕೆ ಬಂದವನೇ, "ಕೊಡಿ ಇಲ್ಲಿ, ನೆಲ ತಂಪು" ಎಂದು ಕಿತ್ತುಕೊಂಡು ಆರರವರೆಗೆ ಎದೆಗೆ ಒತ್ತಿಕೊಂಡು ಕೂರುತ್ತಿದ್ದ. ಬಿಸಿಲಿಗೆ ನೆಲ ಸುಡುತ್ತಿತ್ತು. ಹಗಲೆಲ್ಲ ಸ್ಪೆಷಲ್‌ನ ಕಾಲು ನೆಲ ಕಾಣಲಿಲ್ಲ. ಅದು ಸಿಟ್ಟಿಗೆದ್ದು ನಮ್ಮ ಮೂವರ ಕಿವಿಯನ್ನೂ ಕಚ್ಚಿತು. ಇದ್ದದ್ದು ಆರೇ ಹಲ್ಲಾದರೂ ಗುರುತು ಉಳಿಯುತ್ತಿತ್ತು.

ಸಂಜೆಯಾದರೆ ನಾಟಕ ತಿರುಗುಮುರುಗು. ಅವಳು ಬಂದೊಡನೆ ಮೂವರೂ ಮಗುವನ್ನು ನೆಲಕ್ಕಿಳಿಸುವ ತರಾತುರಿಯಲ್ಲಿರುತ್ತಿದ್ದೆವು. "ಸ್ವಲ್ಪ ಕೆಳಗೆ ಬಿಡಮ್ಮ" ಎಂದು ಅಪ್ಪ. "ಗಾಳಿಯಾಡ್ಲಿ ಬಿಡು" ಎಂದು ತಮ್ಮ. ಆದರೆ ಅಮ್ಮ ಸಿಕ್ಕಿದ ಮೇಲೆ ಸ್ಪೆಷಲ್‌ಗೆ ನೆಲದ ಅಗತ್ಯವೇ ಇರಲಿಲ್ಲ. ಇಳಿಸಿದರೆ ಅಕ್ಕಿ ಮೂಟೆಯ ಹಾಗೆ ಕುಸಿದು ಕೂತು ಅವಳ ಕಡೆ ಕೈ ಚಾಚುತ್ತಿತ್ತು. ರಜೆಯ ದಿನವೂ ಅಷ್ಟೇ. ಅವಳು ಎತ್ತಿಕೊಂಡು, "ಇನ್ನೂ ಇಲ್ವಾ?" ಎಂದು ಮೆಲ್ಲಗೆ ಕೇಳುತ್ತಿದ್ದಳು. ನಾವು ಒಕ್ಕೊರಲಿನಿಂದ, "ಶೆಡ್ಡಲ್ಲಿದೆ" ಎನ್ನುತ್ತಿದ್ದೆವು. ಅವಳು ಊಟ ಕಡಿಮೆ ಮಾಡಿದ್ದು, ಬಚ್ಚಲಿನ ಎರಡೂ ನಲ್ಲಿ ಮತ್ತೆ ಸುರಿಯತೊಡಗಿದ್ದು ನನಗೆ ಗೊತ್ತಾಗಿತ್ತು. ಕಾರ್ಖಾನೆಯ ದಣಿವು ಎಂದುಕೊಂಡೆ.

ಹೀಗೆ ಏಳು ವಾರ ಕಳೆಯಿತು. ಮಹಡಿ ಮನೆಯ ಅಜ್ಜಿ ಒಂದು ದಿನ ಇಳಿದು ಬಂದು ಸ್ಪೆಷಲ್‌ನ ತೊಡೆ ಹಿಸುಕಿ ನೋಡಿ, "ಹದಿನೈದು ತಿಂಗಳಾಗ್ತಾ ಬಂತು, ಇನ್ನೂ ಹೆಜ್ಜೆ ಇಟ್ಟಿಲ್ಲ ಅಂದ್ರೆ ಏನರ್ಥ? ಡಾಕ್ಟ್ರಿಗೆ ತೋರಿಸ್ರೋ" ಎಂದು ಹೇಳಿಹೋದರು. ತಮ್ಮನ ಹೆಂಡತಿಯ ಮುಖ ಸುಣ್ಣದ ಹಾಗಾಯಿತು. ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕಲ್ಲ.

ಮಕ್ಕಳ ಡಾಕ್ಟರಮ್ಮ ವಯಸ್ಸಾದವರು, ಕನ್ನಡಕದ ಮೇಲಿಂದ ನೋಡುವವರು. ರಜೆಯ ದಿನ ನಾವು ನಾಲ್ವರೂ ಅವರ ಮುಂದೆ ಸಾಲಾಗಿ ಕೂತೆವು.

"ನಿಂತ್ಕೊಳ್ಳೋದಕ್ಕೆ ಪ್ರಯತ್ನ ಮಾಡುತ್ತಾ?"

"ಇಲ್ಲ" ಎಂದರು ಅಪ್ಪ.

"ಗೋಡೆ ಹಿಡ್ಕೊಂಡು?"

"ಗೋಡೆ ಹತ್ರಾನೇ ಹೋಗಲ್ಲ" ಎಂದೆ ನಾನು. ಒಂದು ಸುಳ್ಳಿಗೆ ಬಾಯಿ ತೆರೆದ ಮೇಲೆ ಕೊಸರು ಹಾಕುವುದು ನನ್ನ ಸ್ವಭಾವ.

"ನೆಲ ತಂಪು ಮೇಡಂ" ಎಂದ ತಮ್ಮ, ಸಂಬಂಧವೇ ಇಲ್ಲದೆ.

ಡಾಕ್ಟರಮ್ಮ ಕಾಲು ಮಡಚಿ ಬಿಡಿಸಿ ನೋಡಿದರು. ಎಲ್ಲ ಸರಿಯಾಗಿಯೇ ಇದೆಯಲ್ಲ ಎಂದು ಗೊಣಗಿ, ಮನೆಯವರೆಲ್ಲ ಇಷ್ಟು ಖಂಡಿತವಾಗಿ ಹೇಳುತ್ತಿರುವಾಗ ರಕ್ತ ಪರೀಕ್ಷೆ, ಎಕ್ಸ್‌ರೇ ಎರಡೂ ಮಾಡಿಸಿಬಿಡಿ ಎಂದು ಚೀಟಿ ಬರೆಯತೊಡಗಿದರು. ಸೂಜಿ ಚುಚ್ಚುತ್ತಾರೆ! ಈಗ ಹೇಳಲೇಬೇಕು, ಹೇಳುತ್ತೇನೆ ಎಂದು ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ ಯಾರೋ ನೆಲಕ್ಕೆ ಬಿಟ್ಟಿದ್ದ ಸ್ಪೆಷಲ್ ಎದ್ದು, ಕೋಣೆಯ ಆ ಮೂಲೆಯಲ್ಲಿದ್ದ ತೂಕದ ಯಂತ್ರದ ಕಡೆಗೆ ಟಪಟಪನೆ ನಡೆಯಿತು.

ನಾನು ಥಟ್ಟನೆ ಕತ್ತೆತ್ತಿ ಫ್ಯಾನು ನೋಡಿದೆ. ನೋಡದಿದ್ದರೆ ಆಗಿಲ್ಲ, ಅಭ್ಯಾಸಬಲ. ಪಕ್ಕಕ್ಕೆ ತಿರುಗಿದರೆ ಅಪ್ಪನೂ ಫ್ಯಾನನ್ನೇ ನೋಡುತ್ತಿದ್ದಾರೆ. ಅವರಾಚೆ ತಮ್ಮನೂ. ಮೂವರ ಗಲ್ಲವೂ ಮೇಲೆ. ಫ್ಯಾನು ತಿರುಗುತ್ತಿರಲಿಲ್ಲ.

"ಮಗು ನಡೀತಿದೆಯಲ್ರೀ!" ಎಂದರು ಡಾಕ್ಟರಮ್ಮ.

"ಹೌದಾ?" ಎಂದೆವು ಮೂವರೂ, ಕತ್ತು ಇಳಿಸದೆ.

ಅವರು ಚೀಟಿ ಹರಿದರು. "ಮಗೂಗೇನೂ ಬೇಡ. ನೀವು ಮೂವರು ಕಣ್ಣು ತೋರಿಸ್ಕೊಳ್ಳಿ."

ತಮ್ಮನ ಹೆಂಡತಿ ಮಾತ್ರ ಮಗುವನ್ನೇ ನೋಡುತ್ತಿದ್ದಳು. "ನಡೀತಾಳಾ?" ಎಂದಳು. "ಇನ್ನೂ ನಡೀತಾಳಾ?"

ಆ ‘ಇನ್ನೂ’ ನನ್ನನ್ನು ಚುಚ್ಚಿತು.

ಹೊರಗಿನ ಬೆಂಚಿನಲ್ಲಿ ಕೂತು ಒಬ್ಬೊಬ್ಬರೇ ಒಪ್ಪಿಕೊಂಡೆವು. ನಾನು ನೋಡಿದ್ದು ಹನ್ನೆರಡನೇ ತಾರೀಖು. ತಮ್ಮ ಹದಿನೈದು. ಅಪ್ಪ ಇಪ್ಪತ್ತು. ಅಪ್ಪ ಆರು ವಾರ ಗುಟ್ಟು ಕಾಪಾಡಿದ್ದಕ್ಕೆ ನಾವು ಇನ್ನೂ ಬೆರಗಾಗುತ್ತಿದ್ದಾಗ ಅವಳು ಹೇಳಿದಳು. "ಒಂಬತ್ತು."

ಯಾರಿಗೂ ಅರ್ಥವಾಗಲಿಲ್ಲ.

"ಒಂಬತ್ತನೇ ತಾರೀಖು. ಮಾವ ಬಚ್ಚಲಲ್ಲಿದ್ರು, ಅತ್ತಿಗೆ ಹಿತ್ತಲಲ್ಲಿ ಬಟ್ಟೆ ಒಣಹಾಕ್ತಿದ್ರು. ವ್ಯಾನು ಹಾರ್ನ್ ಹಾಕ್ತು. ನಾನು ಬ್ಯಾಗ್ ತಗೊಂಡು ಬಾಗಿಲ ಹತ್ರ ಬಂದು ತಿರುಗಿ ನೋಡಿದ್ರೆ, ಗೋಡೆ ಬಿಟ್ಟು ನನ್ನ ಕಡೆ ಬರ್ತಿದ್ಲು. ನಡ್ಕೊಂಡು. ಮೂರು ಹೆಜ್ಜೆ. ಕೈ ಚಾಚಿದ್ಲು. ಮತ್ತೆ ಹಾರ್ನ್ ಆಯ್ತು." ಅವಳು ಮಗುವಿನ ಪಾದವನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. "ನಾನು ಬಾಗಿಲು ಹಾಕ್ಕೊಂಡು ಹೋದೆ."

ಆ ಬೆಳಿಗ್ಗೆ ನನಗೆ ನೆನಪಿತ್ತು. ಬಟ್ಟೆ ಹರವಿ ಬರುವಷ್ಟರಲ್ಲಿ ಮಗು ಮುಚ್ಚಿದ ಬಾಗಿಲಿನ ಬುಡದಲ್ಲಿ ಕೂತು ಹಲಗೆ ಬಡಿಯುತ್ತಿತ್ತು. ಇಷ್ಟು ಬೇಗ ಇಲ್ಲಿಗೆ ಹೇಗೆ ಬಂತು ಎಂದುಕೊಂಡು ಎತ್ತಿಕೊಂಡಿದ್ದೆ.

"ಅವತ್ತು ಸಂಜೆಯಿಂದ ದಿನಾ ಕೇಳ್ತಿದ್ದೆ, ನೀವು ಶೆಡ್ಡಲ್ಲಿದೆ ಅಂತಿದ್ರಿ. ನಾನು ಬಾಗಿಲು ಹಾಕಿದ್ದಕ್ಕೇ ನಡೆಯೋದು ಬಿಟ್ಬಿಟ್ಲು ಅಂದ್ಕೊಂಡೆ. ಯಾರಿಗೆ ಅಂತ ಹೇಳ್ಲಿ?"

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವಳಿಗಾಗಿ ಎಂದು ಏಳು ವಾರ ನಾವು ಹೇಳಿದ ಒಂದೊಂದು ಸುಳ್ಳೂ ಅವಳ ಎದೆಯ ಮೇಲೆ ಕಲ್ಲಾಗಿ ಕೂತಿತ್ತು. ಅಪ್ಪ ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು. ಅವಳ ತಲೆ ಸವರಲು ಹೋಗಿ ನನ್ನ ಕೈ ಅರ್ಧಕ್ಕೇ ನಿಂತಿತು.

ತಮ್ಮ ಚೀಲದಿಂದ ಆ ಟ್ರಿಪ್ ಪುಸ್ತಕ ತೆಗೆದು ಮಡಿಲಲ್ಲಿಟ್ಟುಕೊಂಡ. ಆಮೇಲೆ ಡ್ರೈವರನನ್ನು ಕೇಳುವ ದನಿಯಲ್ಲೇ ಕೇಳಿದ. "ಎಷ್ಟು ಹೊತ್ತಿಗೆ?"

"ಎಂಟು ಹತ್ತು."

"ಆ ಗಾಡೀನ ವಾಪಸ್ ಕರೆಸೋಣ."

ಮರುದಿನ ಅವನು ಪಾಳಿ ಬದಲಾಯಿಸಿಕೊಂಡು ಮನೆಯಲ್ಲೇ ಉಳಿದ. ಎಂಟು ಐದಕ್ಕೆ ಸ್ಪೆಷಲನ್ನು ಅದೇ ಗೋಡೆಗೆ ಒರಗಿಸಿ ನಿಲ್ಲಿಸಿದ. ಹೆಂಡತಿಯನ್ನು ಬ್ಯಾಗಿನ ಸಮೇತ ಬಾಗಿಲಲ್ಲಿ ನಿಲ್ಲಿಸಿದ. ನನ್ನನ್ನು ಹಿತ್ತಲಿಗೆ ಕಳಿಸಿ ಬಟ್ಟೆ ಹರವು ಎಂದ. "ಒಗೆದ ಬಟ್ಟೆ ಇಲ್ಲ ಕಣೋ" ಎಂದರೆ, "ಒಣಗಿದ್ದನ್ನೇ ಹಾಕು" ಎಂದ. ನಾನು ಆ ಅರವತ್ತು ಮೊಳದ ಪಟ್ಟಿಯನ್ನು ಹಗ್ಗದ ಮೇಲೆ ಎಸೆದು ಓಡಿ ಬಂದು ಅಡುಗೆಮನೆಯ ಬಾಗಿಲಿನಿಂದ ಇಣುಕಿದೆ. ಅಪ್ಪ ಆಗಲೇ ಅಲ್ಲಿದ್ದರು.

ತಮ್ಮ ಸೀಟಿ ಊದಿದ. ಸ್ಪೆಷಲ್ ದೊಪ್ಪನೆ ಕೂತಿತು.

ಎಲ್ಲ ನನ್ನ ತಪ್ಪು. ಬಗಲಿನಿಂದ ಜಾರಿ ನಿಂತರೆ ಸಾಕು ಕೂತ್ಕೋ ಎಂದು ಏಳು ವಾರ ಗದರಿದವಳು ನಾನು. ತಮ್ಮ ಮತ್ತೆ ನಿಲ್ಲಿಸಿದ, ಮತ್ತೆ ಕೂತಿತು. ವ್ಯಾನು ಬಂದು ನಿಂತಿತು. ಅವಳು ಸೋತವಳಂತೆ ಬ್ಯಾಗು ಹೆಗಲಿಗೇರಿಸಿದಳು. ತಮ್ಮ ಒಂದೇ ನೆಗೆತಕ್ಕೆ ಅವಳನ್ನು ದಾಟಿ ಬೀದಿಗಿಳಿದು ವ್ಯಾನಿನ ಮೂತಿಗೆ ಎದುರಾಗಿ ಕೈಯೆತ್ತಿ ನಿಂತ. ಬೆನ್ನು ನಮ್ಮ ಕಡೆಗೆ.

"ರೀ, ದಾರಿ ಬಿಡ್ರೀ!" ಎಂದ ಡ್ರೈವರ್. "ಟೈಮಾಯ್ತು!"

"ಈ ಗಾಡಿ ಇನ್ನೂ ಹೊರಡಲ್ಲ" ಎಂದ ತಮ್ಮ.

ಡ್ರೈವರ್ ಸಿಟ್ಟಿನಿಂದ ಹಾರ್ನಿನ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ಆ ಸದ್ದಿಗೆ ಸ್ಪೆಷಲ್‌ನ ಮುಖ ಚುರುಕಾಯಿತು. ಅಮ್ಮ ಹೊರಡುವ ಸದ್ದು ಅದು, ಅಷ್ಟು ಅದಕ್ಕೆ ಗೊತ್ತು. ಎರಡೂ ಅಂಗೈ ನೆಲಕ್ಕೂರಿ ಎದ್ದಿತು. ಗೋಡೆ ಬಿಟ್ಟಿತು. ತಲೆ ಮುಂದೆ, ಹೊಟ್ಟೆ ಅದರ ಹಿಂದೆ, ಬಾಗಿಲಿನ ಕಡೆಗೆ ಹೊರಟಿತು. ಅವಳು ಬ್ಯಾಗನ್ನು ಅಲ್ಲೇ ಬಿಟ್ಟು ಹೊಸ್ತಿಲಲ್ಲಿ ಕುಕ್ಕರಿಸಿ ತೋಳು ಚಾಚಿದಳು. ಟಿಫನ್ ಡಬ್ಬಿ ಉರುಳಿಕೊಂಡು ಬೀದಿಗೆ ಹೋಯಿತು. ವ್ಯಾನಿನ ಕಿಟಕಿಗಳಲ್ಲಿ ಹೆಂಗಸರ ತಲೆಗಳು ತುಂಬಿಕೊಂಡವು, ಯಾರೋ ಹೆಜ್ಜೆ ಎಣಿಸಿದರು, ಎಲ್ಲರೂ ಸೇರಿಕೊಂಡರು. ಹಾರ್ನು ನಿಂತಿತು. ಹನ್ನೊಂದನೇ ಹೆಜ್ಜೆಗೆ ಸ್ಪೆಷಲ್ ಅವಳ ಎದೆಗೆ ಬಿತ್ತು.

ತಮ್ಮ ಮಾತ್ರ ತಿರುಗಲಿಲ್ಲ. ಗಾಡಿ ತಡೆದು ನಿಂತವನು ಗಾಡಿಯಿಂದ ಕಣ್ಣು ತೆಗೆಯಬಾರದಂತೆ. ಬೆನ್ನು ತೋರಿಸಿಕೊಂಡೇ ಕೂಗಿದ. "ಹೊರಟ್ಲಾ?"

ಅವಳು ಮಗುವಿನ ಕತ್ತಿನಲ್ಲಿ ಮುಖವಿಟ್ಟಿದ್ದಳು. "ಹೊರಟಿದ್ದು ಬೇಡ" ಎಂದಳು. "ಬಂದು ಸೇರಿದ್ಲು ಅಂತ ಬರ್ಕೊಳ್ಳಿ."

ತಮ್ಮನ ಪುಸ್ತಕದಲ್ಲಿ ಬಂದು ಸೇರಿದ್ದಕ್ಕೆ ಕಾಲಂ ಇರಲಿಲ್ಲ. ವ್ಯಾನಿನ ಬಾನೆಟ್ಟಿನ ಮೇಲೆ ಪುಸ್ತಕವಿಟ್ಟು, ಅಂಚಿನಲ್ಲಿ ಉದ್ದಕ್ಕೆ ಒಂದು ಗೀಟು ಎಳೆದು, ಅದರಲ್ಲಿ ಬರೆದ. ಕಣ್ಣು ಮಂಜಾಗಿ ಎರಡು ಸಲ ಹೊಡೆದು ತಿದ್ದಿದ್ದು ಈಗಲೂ ಕಾಣುತ್ತದೆ. ಆ ದಿನ ವ್ಯಾನು ಆರು ನಿಮಿಷ ತಡವಾಗಿ ಹೊರಟಿತು. ಅದನ್ನೂ ಕೆಳಗೆ ಬರೆದಿದ್ದಾನೆ.